ನಡೆಕುರ್ಚಿಗಳು ಗಾಜಾದ ಮುಹೂರ್ತ

ಗಟ್ಟಿಮೇಳಕ್ಕೆ ಹೊತ್ತಾಯಿತೆಂದು ಪುರೋಹಿತರು ಸಾರಿದ್ದೇ ತಡ, ತುಮಕೂರಿನ ಆ ಕಲ್ಯಾಣಮಂಟಪದ ನಡೆಕುರ್ಚಿಗಳೆಲ್ಲ ಒಟ್ಟಿಗೆ ಹೊರಟವು. ಕೂತವರು ಏಳಬೇಕಿಲ್ಲ, ಹೋಗಬೇಕಾದ ಜಾಗ ಹೇಳಿದರೆ ಸಾಕು. ಕುರ್ಚಿ ಸೊಂಟಕ್ಕೆ ಪಟ್ಟಿ ಬಿಗಿದು ಒಯ್ಯುತ್ತದೆ, ಗುರಿ ಮುಟ್ಟಿದ ಮೇಲಷ್ಟೇ ಪಟ್ಟಿ ಬಿಚ್ಚುತ್ತದೆ. ನಮ್ಮ ಜನಕ್ಕೆ ಅಕ್ಷತೆ ಹಾಕುವುದರಲ್ಲಿ ತಾವೇ ಮೊದಲಾಗಬೇಕು. ಎಲ್ಲರೂ "ವೇದಿಕೆ!" ಎಂದಿದ್ದರು. ಆತುರಗಾರನಿಗೆ ಬುದ್ಧಿ ಮಟ್ಟ! ವೇದಿಕೆಯ ಬುಡದಿಂದ ಹಿಂದಿನ ಗೋಡೆಯವರೆಗೆ ಕುರ್ಚಿಗೆ ಕುರ್ಚಿ ಒತ್ತಿ ಎಲ್ಲವೂ ನಿಂತುಬಿಟ್ಟವು. ಕುರ್ಚಿಯಲ್ಲೇ ವೇದಿಕೆಗೆ ಹೊರಟಿದ್ದ ಮದುಮಗನೂ ನಡುವೆ ಸಿಕ್ಕಿಬಿದ್ದ. ವೇದಿಕೆಯ ಮೇಲೆ ಇದ್ದವರು ಪುರೋಹಿತರು ಮತ್ತು ಮದುಮಗಳು ಇಂಚರಾ ಮಾತ್ರ.

ಅವಳ ಅಜ್ಜಿ ಸಿದ್ದಗಂಗಮ್ಮ ಹಿಂದಿನ ಸಾಲಿನ ಕುರ್ಚಿಯಲ್ಲಿ ಚಡಪಡಿಸುತ್ತಿದ್ದರು. ಬೆಳಿಗ್ಗೆ ಜಡೆ ಹೆಣೆಯುವಾಗ ಮೊಮ್ಮಗಳು ಬಿಕ್ಕಿಬಿಕ್ಕಿ ಅತ್ತಿದ್ದಳು. "ಮದುವೆ ಹೆಣ್ಣು ಅಳೋದು ಇದ್ದದ್ದೇ, ಸುಮ್ನಿರವ್ವ," ಎಂದು ಮಗ ರುದ್ರೇಶ, ಹುಡುಗಿಯ ಅಪ್ಪ, ಬಾಯಿ ಮುಚ್ಚಿಸಿದ್ದ. ತಾಳಿ ಕಟ್ಟುವ ಮೊದಲು ಹುಡುಗಿಯನ್ನು ಒಂದು ಮಾತು ಕೇಳಲೇಬೇಕಿತ್ತು.

ಪಕ್ಕದಲ್ಲೇ ಸಿಕ್ಕಿಕೊಂಡಿದ್ದವಳು ಕುರ್ಚಿಗಳನ್ನು ರೂಪಿಸಿದ ವಿಜ್ಞಾನಿ ವಾರಿಜಾ. "ಏನವ್ವ ನಿನ್ನ ಕುರ್ಚಿ! ಬಿಡಿಸೇ ತಾಯಿ!" ಎಂದು ಅಜ್ಜಿ ಗದರಿದರು.

"ಅಜ್ಜಿ, ಇವು ಸ್ವಯಂಚಲ ಕಣಗಳ ಹಾಗೆ, ಯಾರೂ ತಳ್ಳದೆ ತಾವೇ ಓಡಾಡ್ತವೆ. ಜಾಗ ಇದ್ದರೆ ನೀರಿನಂತೆ ಹರೀತವೆ. ದಟ್ಟವಾದರೆ ಒಂದೊಂದಕ್ಕೂ ಅಕ್ಕಪಕ್ಕದವೇ ಪಂಜರ. ಹಿಡಿದ ದಿಕ್ಕು ಬಿಡದೆ ತಳ್ಳಿದಷ್ಟೂ ಬಿಗೀತವೆ. ಕರಗಿದ ಗಾಜು ಇದ್ದಹಾಗೇ ಗಟ್ಟಿಯಾಗಲ್ವಾ, ಹಂಗೆ; ಗಾಜುಸ್ಥಿತಿ ಅಂತೀವಿ ಇದಕ್ಕೆ."

"ಹಿಂದಕ್ಕೆ ಕರಿ ಮತ್ತೆ!"

"ಹಿಂದೆ ಗೋಡೆ. ಆಗಾಗ ದಿಕ್ಕು ಮರೆತು ಅತ್ತಿತ್ತ ಅಲುಗಾಡಿದರೆ ಸಡಿಲಾಗ್ತವೆ. ಫೋನಿನಲ್ಲಿ ಆ ಆಜ್ಞೆ ಬರೀತಿದೀನಿ, ಸ್ವಲ್ಪ ಇರಿ."

ವಾಲಗದ ಅಬ್ಬರದಲ್ಲಿ ಕೂಗಿದರೂ ಕೇಳುವಂತಿರಲಿಲ್ಲ. ಅಜ್ಜಿ ಮುಂದಿನ ಕುರ್ಚಿಯವಳ ಭುಜ ತಟ್ಟಿದರು. "ಇಂಚರಂಗೆ ದಾಟಿಸವ್ವ. ಈ ಮದುವೆ ನಿಂಗೆ ಒಪ್ಪಿಗೆನಾ ಅಂತ ಅಜ್ಜಿ ಕೇಳ್ತಾಳೆ ಅನ್ನು."

ಮಾತು ಕಿವಿಯಿಂದ ಕಿವಿಗೆ ಹೊರಟಿತು. ಕೇಳಿಸಿಕೊಂಡವರು ಎದ್ದು ಹೋಗುವಂತಿರಲಿಲ್ಲ. "ಯಾರೂ ಹೇಳ್ಬೇಡಿ!" ಎಂದು ರುದ್ರೇಶ ಪಟ್ಟಿಯೊಳಗೆ ಕೊಸರಾಡಿದ. ಮದುಮಗನ ಸರದಿ ಬಂದಾಗ ಅವನು ತಲೆ ತಗ್ಗಿಸಿದ. ಆಮೇಲೆ ತಾನೇ ಮುಂದಿನವರಿಗೆ ದಾಟಿಸಿದ.

ಉತ್ತರ ಅದೇ ದಾರಿಯಲ್ಲಿ ಬಂತು. ಮುಂದಿನವಳು ತಿರುಗಿದಾಗ ಅವಳ ಕಣ್ಣು ತುಂಬಿತ್ತು. "ಇಲ್ಲವಂತೆ ಅಜ್ಜಿ. ನಿಶ್ಚಿತಾರ್ಥದ ದಿನದಿಂದ ಅಪ್ಪನಿಗೆ ಹೇಳ್ತಾನೇ ಇದಾಳಂತೆ."

ಸಿದ್ದಗಂಗಮ್ಮ ಮಗನತ್ತ ದುರುಗುಟ್ಟಿ ನೋಡಿದರು.

"ಸಿದ್ಧವಾಯ್ತು!" ವಾರಿಜಾ ಫೋನಿನ ಗುಂಡಿಯತ್ತ ಬೆರಳು ಒಯ್ದಳು. "ಇದನ್ನ ಒತ್ತಿದರೆ ಎಲ್ಲರಿಗೂ ಬಿಡುಗಡೆ."

ಅಜ್ಜಿ ಆ ಬೆರಳನ್ನು ಗಟ್ಟಿಯಾಗಿ ಹಿಡಿದುಕೊಂಡರು.

"ಮುಹೂರ್ತ ಮೀರೋಕೆ ಇನ್ನೆಷ್ಟು ಹೊತ್ತವ್ವ?"

"ಹತ್ತು ನಿಮಿಷ ಇರಬಹುದು."

"ಹಂಗಾದ್ರೆ ಅಲ್ಲಿತಂಕ ನಿನ್ನ ಕುರ್ಚಿ ಕೆಟ್ಟೇ ಇರಲಿ," ಎಂದ ಸಿದ್ದಗಂಗಮ್ಮ, ಆ ಬೆರಳು ಬಿಡದೆಯೇ ಹಿಂದಕ್ಕೆ ಒರಗಿ ಕೂತರು.