ತೊಟ್ಟಿನ ಕಡೆಯ ಚೂರು

ಸೇಡಿಗೆಂದೇ ಒಂದು ಹೀರೆಬಳ್ಳಿ ಸಾಕಿದವರು ಬಿಜೂರಿನಲ್ಲಿ ವಿನಯಾ ಒಬ್ಬಳೇ ಇರಬೇಕು.

ಉಳಿದ ಬಳ್ಳಿಗಳನ್ನೆಲ್ಲ ಕಿತ್ತು ಗೊಬ್ಬರದ ಗುಂಡಿಗೆ ಎಸೆದಿದ್ದಳು. ಇದೊಂದಕ್ಕೆ ಮಾತ್ರ ಬಾವಿಕಟ್ಟೆಯ ಪಕ್ಕ ಚಪ್ಪರ ಹಾಕಿ, ಎರಡು ಹೊತ್ತು ನೀರು ಕೊಟ್ಟು, ಹುಳ ಬಾರದಂತೆ ಬೂದಿ ಎರಚಿದಳು. ಹೊಲಿಗೆ ಅಂಗಡಿ ಮುಚ್ಚಿ ಬಂದವಳು ಮೊದಲು ಅದರ ಮುಖ ನೋಡಿ ಆಮೇಲೆ ಚಹಾ ಕುಡಿಯುತ್ತಿದ್ದಳು. ಪ್ರೀತಿಸುವವರೂ ಇದಕ್ಕಿಂತ ಹೆಚ್ಚೇನೂ ಮಾಡುವುದಿಲ್ಲ.

ಆ ಬಳ್ಳಿಯ ಕಾಯಿ ಬೇವಿಗಿಂತ ಕಹಿ.

ಬೀಜ ಕೊಟ್ಟವನು ಕೆರಾಡಿಯ ರತೀಶ್. ಸಾಸ್ತಾನದಲ್ಲಿ ಜಲಜಕ್ಕನ ಅಂಗಳದಲ್ಲಿ ತಿಂಗಳ ಕೊನೆಯ ಭಾನುವಾರ ಬೀಜ ಹಂಚುವ ಕೂಟ ಸೇರುತ್ತದೆ. ಬೈಂದೂರಿನಿಂದ ಬ್ರಹ್ಮಾವರದವರೆಗೆ, ಅಂಗಳದಲ್ಲಿ ನಾಲ್ಕು ಗಿಡ ಇಟ್ಟುಕೊಂಡವರೆಲ್ಲ ಬರುತ್ತಾರೆ. ಬಸಳೆ ದಂಟು, ಹರಿವೆ ಬೀಜ, ಸಗಣಿ ಗೊಬ್ಬರ, ಸಲಹೆ ಎಲ್ಲ ಕೈಯಿಂದ ಕೈಗೆ ದಾಟುತ್ತವೆ. ಸಲಹೆಯೇ ಹೆಚ್ಚು. ನಿವೃತ್ತ ಟೀಚರ್ ಜಲಜಕ್ಕನದು ಒಂದೇ ಕಾನೂನು: ಸೌತೆ, ಸೋರೆ, ಹೀರೆಯ ಬೀಜ ಕೊಡುವವರು ಆ ಬಳ್ಳಿಯ ಎಳೆಕಾಯಿಯೊಂದನ್ನು ಕೊಯ್ದು, ತೊಟ್ಟಿನ ಕಡೆಯ ಚೂರನ್ನು ಹಸಿಯಾಗಿ ಕಚ್ಚಿ ನೋಡಿರಬೇಕು. ಕಹಿಯಿದ್ದರೆ ಅಲ್ಲೇ ಗೊತ್ತಾಗುತ್ತದೆ.

"ಕಚ್ಚಿ ಕಂಡಿದ್ಯಾ?" ಎಂದು ಅವರು ಎಲ್ಲರೆದುರು ಕೇಳುತ್ತಾರೆ.

"ಕಚ್ಚಿದ್ದೆ" ಎಂದಿದ್ದ ರತೀಶ್, ಹೋದ ವರ್ಷ. ಅಂದು ಹೀರೆ ಬೀಜ ತಂದವರು ಹಲವರು; ಅವನ ಪೊಟ್ಟಣವನ್ನು ಪೂರ್ತಿ ತೆಗೆದುಕೊಂಡವಳು ವಿನಯಾ.

ಕೂಟದ ಊಟಕ್ಕೆ ಅಡುಗೆಯೂ ಅವನದೇ. ಸುತ್ತಲಿನ ಸಣ್ಣಪುಟ್ಟ ಸಮಾರಂಭಗಳಿಗೆ ಅಡುಗೆ ಮಾಡುವುದು ಅವನ ಕಸುಬು. ಅಂದು ವಿನಯಾಳ ಎಲೆಗೆ ಹುಳಿ ಬಡಿಸಿದವನು ಮುಂದೆ ಹೋಗಲಿಲ್ಲ. ಅವಳು ಮೂರು ತುತ್ತು ನುಂಗುವವರೆಗೆ ಅವಳ ಮುಖವನ್ನೇ ನೋಡುತ್ತ ನಿಂತ. ರೆಪ್ಪೆ ಸಹ ಬಡಿಯಲಿಲ್ಲ. ಆ ವಾರ ವಿನಯಾ ಎರಡು ರವಿಕೆಗಳ ತೋಳು ಅದಲುಬದಲು ಮಾಡಿ ಹೊಲಿದಳು.

ಅದೇ ಗುಂಗಿನಲ್ಲಿ ಅವನ ಬೀಜವನ್ನು ಬಿಜೂರಿನ ಹದಿನಾಲ್ಕು ಮನೆಗೆ ಹಂಚಿದಳು. "ಕಚ್ಚಿ ಕಂಡಿದ್ಯಾ?" ಎಂದು ಕೇಳಿದವರಿಗೆಲ್ಲ "ಹ್ಞೂಂ" ಎಂದಳು. ಅವನು ಕಚ್ಚಿದ್ದಾನಲ್ಲ, ಅಷ್ಟು ಸಾಕೆನಿಸಿತ್ತು.

ಹದಿನಾಲ್ಕು ಮನೆಯ ಹುಳಿ ಚರಂಡಿ ಸೇರಿತು. 'ಕಹಿ ವಿನಯಾ' ಎಂಬ ಹೆಸರು ಹುಟ್ಟಿತು. ವಿನಯಾ ಕೂಟಕ್ಕೆಂದು ತಂದಿದ್ದ, ಅಜ್ಜಿಯ ಕಾಲದ ಬಿಳಿಬೆಂಡೆ ಬೀಜದ ಬಾಟಲಿಯನ್ನು ಜಲಜಕ್ಕ ವಾಪಸ್ ಅವಳ ಕೈಗಿಟ್ಟು, "ಮೂರ್ ವರ್ಷ ನೀ ಬೀಜ ಕೊಡುದ್ ಬ್ಯಾಡ ಹೆಣೆ" ಎಂದರು. ಅವನ ಹೆಸರು ಹೇಳಬಹುದಿತ್ತು. ಹೇಳಿದರೆ ಕಚ್ಚದೆ ಕಚ್ಚಿದೆನೆಂದದ್ದು ಏಕೆ ಎಂಬುದನ್ನೂ ಹೇಳಬೇಕಾಗುತ್ತಿತ್ತು. ಬಾಟಲಿಯನ್ನು ಎದೆಗೊತ್ತಿಕೊಂಡು ಬಸ್ಸು ಹತ್ತಿದಳು.

ಈ ಭಾನುವಾರ ಅವಳ ಚೀಲದಲ್ಲಿ, ಬಟ್ಟೆಯ ಕೆಳಗೆ, ಆ ಬಳ್ಳಿಯ ನಾಲ್ಕು ಕಾಯಿಗಳಿದ್ದವು.

ಜಲಜಕ್ಕನ ಹಿತ್ತಿಲಲ್ಲಿ ರತೀಶ್ ಒಲೆಗೆ ಕಟ್ಟಿಗೆ ತುರುಕುತ್ತಿದ್ದಾಗ ಅವನ್ನು ಅವನ ಬುಟ್ಟಿಗೆ ಸೇರಿಸಿದಳು. ಅವನು ಹೆಚ್ಚಿದ. ಹುಳಿ ಕುದಿಯಿತು. ಅಂಗಳದಲ್ಲಿ ಅರವತ್ತು ಎಲೆ ಬಿದ್ದವು. ಈಗ ಹೋಗಿ ಪಂಕ್ತಿಯಲ್ಲಿ ಕುಳಿತರೆ ಸಾಕಿತ್ತು. ಆದರೆ ಇಷ್ಟು ತಿಂಗಳು ನೀರೆರೆದವಳಿಗೆ ಮೊದಲ ಫಲ ತಾನೊಬ್ಬಳೇ ನೋಡುವ ಆಸೆ.

"ಹ್ವಾಯ್, ಇಲ್ಲೇ ನಿಂತ್ರಿಯಲೆ. ಹಸಿವಾಯ್ತಾ?" ಎಂದ ರತೀಶ್.

"ಆಯ್ತ್. ಒಂದ್ ವರ್ಷದ ಹಸಿವ್."

"ಹಂಗಾರೆ ಮೊದಲ್ ಬಡ್ಸುದ್ ನಿಮ್ಗೇ."

ಮಣೆಯ ಮೇಲೆ ಉಳಿದಿದ್ದ ತನ್ನ ಕಾಯಿಯ ತೊಟ್ಟಿನ ತುಂಡನ್ನು ಎತ್ತಿ ಅವನ ತುಟಿಯ ಹತ್ತಿರ ಹಿಡಿದಳು. "ಕಚ್ಚಿ ಕಾಣಿ. ಕೂಟದ ಕಾನೂನ್."

ಅವನು ಅವಳ ಕೈಯಿಂದಲೇ ಕಚ್ಚಿದ. ನಿಧಾನ ಅಗಿದ. ಅಗಿಯುತ್ತ ಅವಳ ಮುಖವನ್ನೇ ನೋಡಿದ, ಹೋದ ವರ್ಷದ ಹಾಗೆಯೇ. ಅವಳು ಮುಖವನ್ನು ಕಲ್ಲು ಮಾಡಿಕೊಂಡಳು.

"ಲಾಯ್ಕ್ ಇತ್ತ್" ಎಂದು ಮೆಚ್ಚಿ ನುಂಗಿದ.

ಮುಖ ಒಂದಿಷ್ಟೂ ಕಿವುಚಲಿಲ್ಲ. ತನ್ನ ಕಾಯಿಯೇ ಮೋಸ ಮಾಡಿತೇ ಎಂದು ಉಳಿದ ತುಂಡನ್ನು ಬಾಯಿಗೆ ಹಾಕಿಕೊಂಡಳು. ಮರುಕ್ಷಣ ಬಾಳೆಬುಡಕ್ಕೆ ಉಗಿದಳು. ಕಣ್ಣಲ್ಲಿ ನೀರು.

"ಕಹಿಯಾ?" ಎಂದ ಅವನು, ಮೆಲ್ಲಗೆ. ಅದು ಪ್ರಶ್ನೆಯೇ ಆಗಿತ್ತು.

ವಿನಯಾ ಒಲೆಯ ಪಕ್ಕದ ಡಬ್ಬಿಯಿಂದ ಚಿಟಿಕೆ ಬಿಳಿಪುಡಿ ತೆಗೆದು ಅವನ ಅಂಗೈಗೆ ಹಾಕಿದಳು. "ಕಣ್ ಮುಚ್ಚಿ. ಇದ್ ಎಂತ?"

ನೆಕ್ಕಿದ. ತುಂಬಾ ಹೊತ್ತು ಯೋಚಿಸಿದ. "ಸಕ್ರಿ."

ಅದು ಉಪ್ಪು.

"ಎಷ್ಟ್ ಕಾಲ ಆಯ್ತ್?"

"ಕೊರೊನಾ ಬಂದಲ್ಲಿಂದ. ಜ್ವರ ಹೋಯ್ತ್, ರುಚಿ ತಿರ್ಗಿ ಬರ್ಲಿಲ್ಲೆ." ಅವನು ಅಂಗೈ ಒರೆಸಿಕೊಂಡ. "ಅಡ್ಗಿಯವನಿಗೆ ನಾಲ್ಗಿ ಇಲ್ಲೆ ಅಂದ್ರೆ ಯಾರ್ ಕರಿತ್ರ್? ಎಲ್ಲ ಸೌಟಲ್ಲಿ ಅಳದ್ ಹಾಕ್ತೆ. ಮತ್ತೆ ತಿಂಬವ್ರ ಮುಖ ಕಾಣ್ತೆ."

"ನನ್ ಮುಖ?"

"ನಿಮ್ದ್ ಎಲ್ಲರಿಗಿಂತ ಮೊದಲ್. ನಿಮ್ಮ ಮುಖದಲ್ಲಿ ಸುಳ್ಳ್ ನಿಲ್ಲುದಿಲ್ಲೆ."

ಅಂದರೆ ಎರಡು ರವಿಕೆ ಹಾಳು ಮಾಡಿದ ಆ ನೋಟ ಉಪ್ಪು ನೋಡುವ ನೋಟ. ಹಳೆಯ ಸೇಡಿಗೆ ಹೊಸದೊಂದು ಸೇರಿತು. ಈಗ ಅವಳು ಮಾಡಬೇಕಾದದ್ದು ಏನೂ ಇಲ್ಲ, ಸುಮ್ಮನಿದ್ದರಾಯಿತು. ಅವನು ಹೊರಗೆ ಹೋಗಿ ಬಡಿಸಿ, ಅರವತ್ತು ಮುಖಗಳನ್ನು ಒಂದೊಂದಾಗಿ ನೋಡುತ್ತಾನೆ. ಇಷ್ಟು ಒಳ್ಳೆಯ ಸೇಡು ತನ್ನಿಂದ ಸಾಧ್ಯವೆಂದು ಅವಳಿಗೇ ಗೊತ್ತಿರಲಿಲ್ಲ.

ಅವನು ಹಸಿ ಬಟ್ಟೆಯಲ್ಲಿ ಹುಳಿಯ ಪಾತ್ರೆ ಎತ್ತಿ ಬಾಗಿಲವರೆಗೆ ಹೋದ.

"ಚೆಲ್ಲಿ" ಎಂದಳು ವಿನಯಾ. "ಅದ್ರಲ್ಲಿ ನಾಲ್ಕ್ ಕಾಯಿ ನಂದ್. ನೀವ್ ಕೊಟ್ಟ ಬೀಜದ್ದೇ."

ರತೀಶ್ ಪಾತ್ರೆಯನ್ನು ಕೆಳಗಿಟ್ಟ. ಅವಳನ್ನೊಮ್ಮೆ, ಬಾಳೆಬುಡದ ಉಗುಳನ್ನೊಮ್ಮೆ ನೋಡಿದ. ಹದಿನಾಲ್ಕು ಮನೆಯ ಕತೆ ಅವನ ಕಿವಿಗೂ ಬಿದ್ದಿತ್ತು. ಅದು ಯಾರ ಬೀಜವೆಂದು ಈಗ ತಿಳಿಯಿತು. ಅಂಗಳಕ್ಕೆ ನಡೆದ. ದೂರು ಹೇಳಲು ಹೋದನೆಂದುಕೊಂಡು ಅವಳೂ ಹಿಂದೆ ಬಂದಳು.

"ಜಲಜಕ್ಕಾ, ಬಿಜೂರಿನ ಹೀರಿ ಬೀಜ ನಂದ್" ಎಂದ, ಅರವತ್ತು ಎಲೆಗಳ ನಡುವೆ ನಿಂತು. "ಕಚ್ಚಿದ್ದೆ. ಕಹಿ ಗೊತ್ತಾಯ್ಲಿಲ್ಲೆ. ನಂಗೆ ರುಚಿ ಹೋಯಿ ಸುಮಾರ್ ವರ್ಷ ಆಯ್ತ್. ಇವ್ರದ್ದ್ ತಪ್ಪಿಲ್ಲೆ."

ಅವನು ಎಲ್ಲರೆದುರು ತಲೆತಗ್ಗಿಸುವ ಈ ದೃಶ್ಯವನ್ನು ವಿನಯಾ ಹೊಲಿಗೆ ಯಂತ್ರದ ಮುಂದೆ ನೂರು ಸಲ ಕಂಡಿದ್ದಳು. ಈಗ ಒಂದು ಹೊಲಿಗೆಯೂ ತಪ್ಪದೆ ಹಾಗೆಯೇ ನಡೆಯುತ್ತಿತ್ತು. ನೋಡಲಾಗಲಿಲ್ಲ.

ಬ್ರಹ್ಮಾವರದ ಚಂದಯ್ಯ ಎಲೆಯಿಂದ ಮುಖವೆತ್ತಿದ. "ಹಂಗಾರೆ ಬಪ್ಪ ತಿಂಗಳ ನಮ್ಮನಿ ಊಟಕ್ ಬೇರೆಯವ್ರನ್ನ ಕಾಣ್ತೆ, ಬೇಜಾರ್ ಮಾಡ್ಕಣ್ಬೇಡ" ಎಂದ.

ರತೀಶ್ ತಲೆಯಾಡಿಸಿದ.

"ಇವನ ಬೀಜ ಇನ್ನ್ ಯಾರ್ ಕಚ್ಚಿ ಕಾಂಬುದ್?" ಎಂದರು ಜಲಜಕ್ಕ.

"ನಾ ಕಚ್ತೆ" ಎಂದಳು ವಿನಯಾ. "ಚಂದಯ್ಯಣ್ಣ, ನಿಮ್ಮನಿ ಹುಳಿಯೂ ನಾನೇ ರುಚಿ ಕಾಣ್ತೆ. ಬೇರೆಯವ್ರ್ ಬ್ಯಾಡ."

"ನೀ ಕಚ್ಚಿದ್ ಹೋದ ವರ್ಷ ಕಂಡಿತ್ತಲೆ" ಎಂದ ಚಂದಯ್ಯ.

"ಹೋದ ವರ್ಷ ಕಚ್ಲಿಲ್ಲೆ. ಸುಳ್ಳ್ ಹೇಳಿದ್ದೆ."

"ಎಂತಕ್?"

"ಇವ್ರ್ ಕಚ್ಚಿದ್ದೆ ಅಂದ್ರಲೆ."

ಜಲಜಕ್ಕ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು. ಇಡೀ ಅಂಗಳಕ್ಕೆ ಅರ್ಥವಾಯಿತು. ರತೀಶನಿಗೆ ಸ್ವಲ್ಪ ತಡವಾಗಿ ಆಯಿತು. ಆದಾಗ ಕಿವಿಯ ತುದಿಯವರೆಗೆ ಕೆಂಪಾದ. ಹುಳಿ ಚೆಲ್ಲಿದ್ದರಿಂದ ಅಂದು ಎಲ್ಲರೂ ಉಪ್ಪಿನಕಾಯಿ ಮಜ್ಜಿಗೆಯಲ್ಲೇ ಉಂಡರು. ಮುಖಗಳೇನೂ ಸಂತೋಷದಲ್ಲಿರಲಿಲ್ಲ.

ಹೀರೆಹೂ ಅರಳುವುದು ಸಂಜೆ. ಕೆರಾಡಿಯ ಕಾಡಂಚಿನಲ್ಲಿ ಕಾಡುಹೀರೆಯೂ ಅದೇ ಹೊತ್ತಿಗೆ ಅರಳುತ್ತದೆ. ಅದರ ಕಹಿಯನ್ನು ಹುಳುಗಳು ಹೊತ್ತು ತರುತ್ತವೆ. ಆದ್ದರಿಂದ ಜಲಜಕ್ಕ ಕೊಟ್ಟ ಹೊಸ ಬೀಜವನ್ನು ರತೀಶನ ಅಂಗಳದಲ್ಲಿ ಬಿತ್ತಿ, ಬೀಜಕ್ಕೆ ಬಿಡುವ ಹೂಗಳಿಗೆ ಕೈಯಾರೆ ಪರಾಗ ಸವರಿ, ಅವುಗಳ ಬಾಯಿಯನ್ನು ಇಬ್ಬರೂ ಸೇರಿ ಅವಳ ಅಂಗಡಿಯ ಕೆಂಪು ನೂಲಿನಿಂದ ಕಟ್ಟಿದರು. ಅವನು ಹೂ ಹಿಡಿದರೆ ಅವಳು ಗಂಟು ಹಾಕುವಳು. ಅದಕ್ಕೆಂದು ಪ್ರತಿ ಭಾನುವಾರ ಬಿಜೂರಿನಿಂದ ಎರಡು ಬಸ್ಸು ಬದಲಿಸಿ ಬರುತ್ತಿದ್ದಳು.

ಮೊದಲ ಎಳೆಕಾಯಿ ಬಂದಾಗ ತೊಟ್ಟಿನ ಕಡೆಯ ಚೂರನ್ನು ವಿನಯಾ ಕಚ್ಚಿದಳು. ರತೀಶ್ ಉಸಿರು ಬಿಗಿಹಿಡಿದು ಅವಳ ಮುಖ ನೋಡಿದ.

ಮುಖ ಕಿವುಚಿತು. ಕಣ್ಣು ಮುಚ್ಚಿತು.

ಅವನ ಬಣ್ಣವಿಳಿಯಿತು. ಬಳ್ಳಿಯ ಬುಡಕ್ಕೆ ಬಗ್ಗಿ, ಕೀಳಲು ಕೈಹಾಕಿದ. ಅವಳು ಇನ್ನೂ ಮೂರು ಉಸಿರು ಕಾದಳು.

"ಬಿಡಿ. ಸಿಹಿ ಇತ್ತ್."

ಅವನು ಬಗ್ಗಿದಲ್ಲಿಂದಲೇ ತಲೆಯೆತ್ತಿದ. "ನಿಮ್ಮ ಮುಖ ಸುಳ್ಳ್ ಹೇಳುದಿಲ್ಲೆ ಅಂದ್ಕಂಡಿದ್ದೆ."

"ಇವತ್ತ್ ಕಲ್ತಿತ್."

"ಸೇಡ್ ಮುಗೀತಾ ಹಂಗಾರೆ?"

"ಹದಿನಾಲ್ಕ್ ಮನಿ" ಎಂದಳು ವಿನಯಾ, ಉಳಿದ ಚೂರನ್ನು ಅವನ ಬಾಯಿಗಿಡುತ್ತ. "ಇದ್ ಒಂದನೇದ್."

ಬಾಕಿ ಹದಿಮೂರು, ಬಳ್ಳಿಯಲ್ಲಿ ಇದ್ದದ್ದು ಇನ್ನು ಐದೇ ಕಾಯಿ. ರತೀಶ್ ಮರುದಿನ ಬೆಳಿಗ್ಗೆಯೇ ಇನ್ನೊಂದು ಚಪ್ಪರಕ್ಕೆ ಗೂಟ ಕಡಿದ.