ಆ ಊರಿನ ಹೆಸರಿಗೆ ಒಂದು ಪೆನ್ನು

ಆಳಂದದ ಆ ಕೋಚಿಂಗ್ ಸೆಂಟರಿನಲ್ಲಿ ದಿನದ ಮೊದಲ ಪ್ರಶ್ನೆ ಇತಿಹಾಸದ ಮೇಷ್ಟ್ರು ನಂದಕಿಶೋರನದು. ಇತಿಹಾಸದಲ್ಲಿ ಇದೇ ದಿನ ಏನಾಗಿತ್ತು? ಸರಿಯಾಗಿ ಹೇಳಿದವರಿಗೆ ಒಂದು ಪೆನ್ನು.

"ಸೆಪ್ಟೆಂಬರ್ ಮೂವತ್ತು, ತೊಂಬತ್ಮೂರನೇ ಇಸ್ವಿ. ನಮ್ಮ ಗಡಿ ಆಚೆ ಭೂಕಂಪಕ್ಕ ನೆಲಸಮ ಆದ ಊರು ಯಾವುದು? ಹೇಳ್ರಿ ನೋಡೋಣು."

"ಕಿಲ್ಲಾರಿ ಸರ್!"

ಪೆನ್ನು ಹಿಂದಿನ ಬೆಂಚಿಗೆ ಹಾರಿತು. ಎಲ್ಲರೂ ಚಪ್ಪಾಳೆ ಹೊಡೆದರು.

ದಿನವೂ ಪೆನ್ನು ಎಸೆದ ಮೇಲೆ ಅವನು ಬಾಗಿಲ ಕಡೆಗೊಂದು ನೋಟ ಎಸೆಯುತ್ತಿದ್ದ. ಮುಂದಿನ ಪೀರಿಯಡ್ಡಿಗೆ ಕಾದು ನಿಂತ ಕನ್ನಡ ಮೇಡಂ ಅನುಜಾ ಅದನ್ನು ಹಿಡಿದೂ ಹಿಡಿಯದ ಹಾಗೆ ಸೆರಗು ಸರಿಮಾಡಿಕೊಳ್ಳುವಳು. ಇವತ್ತು ನೋಟ ಬರುವ ಮೊದಲೇ ಅವಳು ಕಣ್ಣು ತಗ್ಗಿಸಿದಳು.

ವರಾಂಡದಲ್ಲಿ ಅವನು ಅಡ್ಡ ಬಂದ. "ಸಿಟ್ಟು ಬಂದದೇನ್ರಿ ಮೇಡಂ? ನಿಮಗೂ ಒಂದು ಪೆನ್ನು ಬೇಕೇನು?"

"ಬ್ಯಾಡ್ರಿ."

"ಹಂಗಾರ ಸುದ್ದಿ ತಗೋರಿ. ಜೇವರ್ಗಿ ಕಾಲೇಜಿನ ನೌಕರಿ ಆರ್ಡರ್ ಬಂತು. ನಾಳೆ ಹೋಗಬೇಕು. ಅದಕ್ಕ ಅವ್ವ ಅಫಜಲಪುರದಿಂದ ಬರಾಕತ್ತಾಳ. ಸಂಜೀಕ ನಿಮ್ಮ ಮನಿಗೆ ಬಂದು ನಿಮ್ಮನ್ನ ಕೇಳ್ತೇವಿ."

ವರ್ಷದಿಂದ ಕಾದ ಮಾತು. ಆದರೂ ಅನುಜಾ ಒಂದು ಹೆಜ್ಜೆ ಹಿಂದೆ ಸರಿದಳು.

"ಇವತ್ತಾ?"

"ಯಾಕ?"

ಅವಳು ಒಂದೊಂದೇ ಮಾತನ್ನು ನೋಡಿ ನೋಡಿ ಇಟ್ಟಳು. "ನಮ್ಮ ಸೋದರತ್ತಿ ಶಿವಕಾಂತಾ ಆ ವರ್ಷ ಹಬ್ಬಕ್ಕ ತವರಿಗೆ ಬಂದಿದ್ಳು. ಗಣಪತಿ ಕಳಸೋ ದಿನ ಸೊಸಿ ಮನ್ಯಾಗ ಇರ್ಲಿ ಅಂತ ಗಂಡನ ಮನಿಯವರು ಹೇಳಿ ಕಳಿಸಿದ್ರು. ನಮ್ಮ ಆಯಿ, ಅಪ್ಪನ ಅವ್ವ, ಉಡಿ ತುಂಬಿ ತಾನೇ ಬಸ್ ಹತ್ತಿಸಿದ್ಳು. ಕಿಲ್ಲಾರಿ ಬಸ್. ಮರುದಿನ ಬೆಳಗಾಗೋದ್ರಾಗ..."

ನಂದಕಿಶೋರನ ನಗು ಅಲ್ಲೇ ಇಂಗಿತು.

"ಈ ತಾರೀಖಿಗೆ ನಮ್ಮ ಮನ್ಯಾಗ ಹೆಣ್ಣು ಕೊಡೋ ಮಾತು ಎತ್ತಂಗಿಲ್ಲ. ಮಣ್ಣಿನ ಮಾಳಗಿ ಛಾವಣಿ ಕೆಳಗೂ ಯಾರೂ ಕೂಡಂಗಿಲ್ಲ. ಇವತ್ತ ಕೇಳಿದ್ರ ಆಯಿ ಬ್ಯಾಡ ಅಂತಾಳ. ಆಕಿ ಒಮ್ಮೆ ಬ್ಯಾಡ ಅಂದ್ರ ಮುಗೀತು."

"ಮೊದಲೇ ಹೇಳಬಾರದೇನ್ರಿ?"

"ಬಾಯಿಗೆ ತಂದ್ರ ಮತ್ತ ಆಗ್ತದ ಅನಸ್ತದ."

ಅವನು ತಾಯಿಗೆ ಫೋನ್ ಹಚ್ಚಿದ. ಸ್ವಿಚ್ ಆಫ್. ಬಸ್ ಹೊರಟಾಗಿತ್ತು.

ಸಂಜೆಗೆ ಗಾಳಿ ಪೂರ್ತಿ ನಿಂತಿತ್ತು. ಬೇವಿನ ಎಲೆ ಅಲುಗುತ್ತಿರಲಿಲ್ಲ. ಓಣಿಯ ನಾಯಿ ಮಲಗುವುದು, ನೆಲ ಮೂಸಿ ಏಳುವುದು. ಅನುಜಾಳ ಮನೆಯ ಅಂಗಳದ ಹೊರಸಿನ ಮೇಲೆ ಆಯಿ ತುಳಜಾಬಾಯಿ ತನ್ನದೇ ಕಲ್ಲಿನ ಮನೆಯನ್ನು ಕಾವಲು ಕಾಯುವವಳ ಹಾಗೆ ನೋಡುತ್ತ ಕೂತಿದ್ದಳು. ಅನುಜಾ ಬಾಗಿಲನ್ನು ಕಾಯುತ್ತಿದ್ದಳು.

ಅವನು ಬಂದೇ ಬಂದ, ತಾಯಿ ಪ್ರಮಿಲಾರ ಜೊತೆ.

"ಕೇಳಾಕ ಬಂದಿಲ್ರಿ ಆಯಿ," ಎಂದ ನಂದಕಿಶೋರ. "ನಿಮ್ಮ ಜೋಡಿ ಸ್ವಲ್ಪ ಹೊತ್ತು ಕೂತು ಹೋಗ್ತೇವಿ."

ಆಯಿ ಪ್ರಮಿಲಾರ ಚೀಲ ನೋಡಿದಳು. "ಚೀಲದಾಗ ತೆಂಗಿನಕಾಯಿ ಇಟ್ಕೊಂಡು ಸುಮ್ನ ಕೂಡಾಕ ಬಂದೀಯೇನಲೇ ತಮ್ಮಾ?"

ಪ್ರಮಿಲಾ ಚೀಲವನ್ನು ಬೆನ್ನ ಹಿಂದೆ ಸರಿಸಿದರು. "ಬಸ್‌ಸ್ಟ್ಯಾಂಡಿನಾಗ ಇವ ಎಲ್ಲಾ ಹೇಳಿದನ್ರಿ. ಕಾಯಿ ಮೊದಲೇ ತಂದಿದ್ದೆ."

ಅವನು ಆಯಿಯ ಕಾಲ ಹತ್ತಿರ ನೆಲದ ಮೇಲೆ ಕೂತ. "ಇವತ್ತ ಆ ಊರಿನ ಹೆಸರು ಹೇಳಿದವರಿಗೆ ಪೆನ್ನು ಕೊಟ್ಟೇನಿ ಆಯಿ. ನನಗ ಊರಿನ ಹೆಸರು ಗೊತ್ತಿತ್ತು. ನಿಮ್ಮ ಮಗಳ ಹೆಸರು ಗೊತ್ತಿರಲಿಲ್ಲ."

ಆಯಿ ಹೊರಸಿನ ಅಂಚಿಗೆ ಸರಿದು ಅವನ ಮುಖ ನೋಡಿದಳು.

ಆಗಲೇ ನೆಲದಡಿಯಿಂದ ಒಂದು ಸದ್ದು ಬಂತು. ದೂರದಲ್ಲಿ ದೊಡ್ಡ ಲಾರಿ ಹೊರಳಿದ ಹಾಗೆ. ಒಳಗೆ ಗೋಡೆಯ ಮಾಡದಲ್ಲಿದ್ದ ತಂಬಿಗೆಗಳು ಒಂದಕ್ಕೊಂದು ತಾಕಿ ಕಿಣಿಕಿಣಿ ಎಂದವು. ಬಾಗಿಲ ಮೇಲಿಂದ ಮಣ್ಣು ಉದುರಿತು.

ಆಯಿಯ ಒಂದು ಕೈ ಅನುಜಾಳ ಮುಂಗೈ ಹಿಡಿಯಿತು. ಇನ್ನೊಂದು ಕೈ ಅವನ ರಟ್ಟೆಯನ್ನು.

ಸದ್ದು ನಿಂತಿತು. ಕಲ್ಲುಗಣಿಯ ಸಿಡಿಮದ್ದಿನದೋ, ಭೂಮಿಯದೋ, ಯಾರೂ ಕೇಳಲಿಲ್ಲ. ಆಯಿ ಎರಡೂ ಕೈ ಬಿಡಲಿಲ್ಲ.

"ಜೇವರ್ಗ್ಯಾಗ ಮನಿ ಎಂಥಾದ್ದು?"

"ಇನ್ನಾ ಹುಡುಕಬೇಕ್ರಿ."

"ತಗಡಿಂದು ಹುಡುಕು. ಕಲ್ಲು-ಮಣ್ಣಿನ ಮಾಳಗಿ ಬ್ಯಾಡ. ತಲಿ ಮ್ಯಾಲ ಹಗುರ ಇರ್ಲಿ ಆಕಿಗೆ." ಆಯಿ ಪ್ರಮಿಲಾರ ಕಡೆ ತಿರುಗಿದಳು. "ಕಾಯಿ ನಾಳೆ ತರ್ರಿ. ಮುಂಜಾನೆ, ಇವ ಬಸ್ ಹತ್ತೋದ್ಕಿಂತ ಮೊದಲು."

ನಂದಕಿಶೋರ ತಲೆ ಎತ್ತಿ ಆ ನೋಟ ಎಸೆದ. ಈ ಸಲ ಅನುಜಾ ಸೆರಗು ಮುಟ್ಟಲಿಲ್ಲ, ನೇರ ನೋಡಿದಳು.

ಒಳಗೆ ಒಂದು ತಂಬಿಗೆ ಮಾತ್ರ ಇನ್ನೂ ನಡುಗುತ್ತಿತ್ತು.