ಆಡು ತಿಂದ ಕುದುರೆಯ ಕಾಲು

“ಏ ಕನಕಿ! ಆಡು ನೋಡಬೇ, ಆಡು!”

ಅಪ್ಪ ಕೂಗಿದ ಮೇಲೇ ಕನಕಮ್ಮ ತಿರುಗಿ ನೋಡಿದ್ದು. ಅಷ್ಟರಲ್ಲಿ ಅವರ ಮನೆಯ ಕರಿ ಆಡು ಪೋಸ್ಟರಿನ ನಾಲ್ಕನೇ ಹಾಳೆಯನ್ನು ಮುಕ್ಕಾಲು ಪಾಲು ತಿಂದು ಮುಗಿಸಿತ್ತು. ಹಾಳೆಯ ಹಿಂಬದಿಗೆ ಅಪ್ಪ ಆಗಷ್ಟೇ ಮೈದಾಹಿಟ್ಟಿನ ಅಂಟು ಬಳಿದಿದ್ದ. ಆಡಿಗೆ ಇನ್ನೇನು ಬೇಕು?

ಅಪ್ಪ ಹೊಳಿಯಪ್ಪ ಯಲಬುರ್ಗಾದ ಟಾಕೀಜಿಗೆ ಪೋಸ್ಟರ್ ಅಂಟಿಸುತ್ತಿದ್ದ. ಮರುದಿನ ರವಿವಾರ, ಬೆಳಗಿನ ಆಟಕ್ಕೆ ಇಂಗ್ಲಿಷ್ ಪಿಕ್ಚರ್. ಅದರ ದೊಡ್ಡ ಪೋಸ್ಟರ್ ಬಂದದ್ದು ಒಂದೇ. ನಾಲ್ಕು ಹಾಳೆ ಕೂಡಿಸಿದರೆ ಒಂದು ಚಿತ್ರ. ಬಸ್ ಸ್ಟ್ಯಾಂಡಿನ ಎದುರಿನ ಗೋಡೆಗೆ ಮೂರು ಹಾಳೆ ಅಂಟಿಸಿ, ನಾಲ್ಕನೆಯದನ್ನು ಕಟ್ಟೆಯ ಮೇಲೆ ಬೋರಲು ಹಾಕಿ, “ನೀರು ತರ್ತೀನಿ. ಹಾಳಿ ಕಾಯಿ” ಎಂದು ಅಪ್ಪ ಹೋಗಿದ್ದ.

ಕನಕಿ ಕಾಯುತ್ತಲೇ ಇದ್ದಳು. ಆದರೆ ಕಣ್ಣು ಗೋಡೆಯ ಮೇಲಿತ್ತು.

ಅಲ್ಲಿ ಕೆಂಪು ಬಂಡೆಗಳ ಗುಡ್ಡ. ಅಜ್ಜಿಯ ಊರಾದ ಆನೆಗೊಂದಿಯಲ್ಲಿ ಇರುವಂಥವೇ ಬಂಡೆಗಳು. ಅವುಗಳ ನಡುವಿನಿಂದ ಒಂದು ಕುದುರೆ ನೇರ ಅವಳ ಕಡೆಗೇ ನುಗ್ಗಿ ಬರುತ್ತಿತ್ತು. ಮೇಲೆ ಅಗಲ ಟೋಪಿಯ ಸವಾರ. ಟೋಪಿಯ ನೆರಳಿನಲ್ಲಿ ಅವನ ಕಣ್ಣು ಕಂಡೂ ಕಾಣದಂತಿದ್ದವು. ಹತ್ತಿರ ಹೋದರೆ ಎಲ್ಲವೂ ಬರೀ ಬಣ್ಣದ ಗೀರು. ನಾಲ್ಕು ಹೆಜ್ಜೆ ಹಿಂದೆ ಸರಿದರೆ ಕುದುರೆಯ ಮೂಗಿನಿಂದ ಉಸಿರು ಬಂದಂತೆ ಅನಿಸುತ್ತಿತ್ತು. ಅವಳು ಹತ್ತಿರ ಹೋದಳು, ಹಿಂದೆ ಬಂದಳು. ಮತ್ತೆ ಹೋದಳು, ಮತ್ತೆ ಬಂದಳು. ಅದೇ ಹೊತ್ತಿಗೆ ಆಡೂ ಬಂದಿತ್ತು.

ಅಪ್ಪ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಉಳಿದ ಚೂರನ್ನು ಕೈಯಲ್ಲಿ ಹಿಡಿದು ಕಟ್ಟೆಯ ಮೇಲೆ ಕುಳಿತ. ಹೋದ ತಿಂಗಳು ಒಂದು ಪೋಸ್ಟರ್ ಹರಿದಾಗ ಟಾಕೀಜಿನ ಮ್ಯಾನೇಜರ್ ಕಳಕಪ್ಪ ಹೇಳಿದ್ದು ಕನಕಿಗೂ ನೆನಪಿತ್ತು: “ಇನ್ನೊಮ್ಮಿ ಹಿಂಗಾತಂದ್ರ ಈ ಕೆಲಸಕ್ಕ ಬ್ಯಾರೆಯವ್ನ ನೋಡ್ತೀನಿ.” ಸಂಜೆ ಐದಕ್ಕೆ ಆತ ಪೋಸ್ಟರ್ ನೋಡಲು ಬರುವವನಿದ್ದ.

ಅವಳ ಕ್ಲಾಸಿನ ತಿರುಪತಿ ಅತ್ತ ಬಂದವನು ಗೋಡೆ ನೋಡಿ ನಕ್ಕ. “ಏ ಕನಕಿ, ನಿಮ್ಮ ಕುದುರಿಗಿ ಕಾಲ ಇಲ್ಲ! ಗಾಳ್ಯಾಗ ನಿಂತೈತಿ!”

“ನಿನಗ ತಲಿ ಇಲ್ಲ, ನಡಿ!” ಎಂದಳು ಕನಕಿ. ಆದರೆ ಅವನ ಮಾತು ನಿಜವಾಗಿತ್ತು. ಕುದುರೆಯ ಕಾಲು ಇರಬೇಕಾದದ್ದೇ ಆ ಹಾಳೆಯಲ್ಲಿ.

“ಅಪ್ಪಾ, ನಾ ಬರೀಲೇನು? ಹಳೇ ಪೋಸ್ಟರಿನ ಹಿಂದ ಬೆಳ್ಳಗ ಐತಲ್ಲ.”

“ಕುದುರಿ ಬರಿಯಾಕ ಬರ್ತೈತೇನು ನಿನಗ?”

“ಸಾಲ್ಯಾಗ ಎತ್ತು ಬರದೀನಿ. ಗುರುಗಳು ಛಲೋ ಐತಿ ಅಂದಾರ.”

ಅಪ್ಪ ಚೀಲದಿಂದ ಒಂದು ಹಳೆಯ ಪೋಸ್ಟರ್ ತೆಗೆದುಕೊಟ್ಟ.

ಬಸ್ ಸ್ಟ್ಯಾಂಡಿನ ಬಾಗಿಲಲ್ಲಿ ಬಡೇಸಾಬನ ಟಾಂಗಾ ನಿಂತಿತ್ತು. ಕನಕಿ ಚಹಾದಂಗಡಿಯ ಒಲೆಯ ಬಳಿಯಿಂದ ಒಂದು ಇದ್ದಿಲು ಹಿಡಿದು ಓಡಿದಳು. “ಕಾಕಾ, ನಿಮ್ಮ ಕುದುರಿ ಕಾಲ ಒಂದೀಟು ನೋಡ್ತೀನ್ರಿ.”

“ನೋಡವ್ವಾ. ಒದ್ದರ ಮಾತ್ರ ನನ್ನ ಮುಂದ ಅಳಬ್ಯಾಡ.”

ಅವಳು ಕಲ್ಲುಚಪ್ಪಡಿಯ ಮೇಲೆ ಬರೆದಳು. ಬಡೇಸಾಬ ಬಗ್ಗಿ ನೋಡಿದ. “ಇದೇನು, ಖುರ್ಚಿ ಕಾಲೇನು?”

ಅಳಿಸಿ ಮತ್ತೆ ಬರೆದಳು.

“ಈಗ ಮಲಗೋ ಹೊರಸಿನ ಕಾಲ ಆತು ನೋಡವ್ವಾ.”

ಅಷ್ಟರಲ್ಲಿ ಗಿರಾಕಿಗಳು ಬಂದರು. ಟಾಂಗಾ ಕುಕನೂರಿನ ದಾರಿ ಹಿಡಿಯಿತು. ಕನಕಿಯ ಕಣ್ಣು ತುಂಬಿಕೊಂಡವು. ದೂರದ ತಿರುವಿನಲ್ಲಿ ಟಾಂಗಾ ಅಡ್ಡ ತಿರುಗಿತು. ಕುದುರೆಯ ಕುತ್ತಿಗೆ ಕಂಡಿತು, ಬೆನ್ನು ಕಂಡಿತು. ಕಾಲು ಕಾಣಲೇ ಇಲ್ಲ. ಅಲ್ಲಿ ಇದ್ದದ್ದು ಬರೀ ಧೂಳು.

ಅವಳು ಗೋಡೆಗೆ ಓಡಿ ಬಂದು ಚಿತ್ರಕ್ಕೆ ಮೂಗು ತಾಗಿಸಿ ನಿಂತಳು. ಎಡಗಡೆಯ ಹಾಳೆಯಲ್ಲಿ, ಹಿಂದೆ ದೂರದಲ್ಲಿ, ಮೂರು ಸಣ್ಣ ಕುದುರೆಗಳು ಓಡುತ್ತಿದ್ದವು.

“ಅಪ್ಪಾ! ಇವಕ್ಕೂ ಕಾಲಿಲ್ಲ! ಬರೇ ಧೂಳ ಬರದಾರ!”

ಅಪ್ಪ ಎದ್ದು ಬಂದ. ಹತ್ತಿರದಿಂದ ನೋಡಿದ. ಹಿಂದೆ ಸರಿದು ಕಣ್ಣು ಕಿರಿದು ಮಾಡಿ ನೋಡಿದ. “ಹೌದಲ್ಲಬೇ... ಇಷ್ಟು ವರ್ಷ ಅಂಟಿಸೀನಿ. ಒಮ್ಮೆನೂ ನೋಡಿಲ್ಲ ನಾನು.”

ಕನಕಿ ರಸ್ತೆಯ ಕೆಂಪು ಮಣ್ಣನ್ನು ಉಳಿದ ಅಂಟಿಗೆ ಕಲಸಿದಳು. ಒಂದಿಷ್ಟಕ್ಕೆ ಗೋಡೆಯಿಂದ ಕೆರೆದ ಸುಣ್ಣ ಬೆರೆಸಿದಳು, ಒಂದಿಷ್ಟಕ್ಕೆ ಇದ್ದಿಲ ಪುಡಿ. ಹಳೆಯ ಪೋಸ್ಟರಿನ ಬಿಳಿ ಬೆನ್ನಿಗೆ ಅಂಗೈಯಿಂದ ಉಜ್ಜಿದಳು, ಬೆರಳಿನಿಂದ ಎಳೆದಳು. ಒಂದು ಗೊರಸು ಮಾತ್ರ ಧೂಳಿನಿಂದ ಹೊರಗೆ ಇಣುಕುವಂತೆ ಬರೆದಳು. ಅಪ್ಪ ಹಾಳೆಯನ್ನು ಗಾಳಿಗೆ ಹಿಡಿದು ಆರಿಸಿ, ಅಂಚಿಗೆ ಅಂಚು ಕೂಡಿಸಿ ಅಂಟಿಸಿದ.

ಐದಕ್ಕೆ ಸರಿಯಾಗಿ ಕಳಕಪ್ಪನ ಸೈಕಲ್ ಬಂತು. ಆತ ಇಳಿದು ಗೋಡೆಯ ಮುಂದೆ ನಿಂತ. ಅಪ್ಪ ಅಂಟಿನ ಬಕೆಟ್ಟನ್ನೇ ನೋಡುತ್ತಿದ್ದ. ಕನಕಿ ಮಣ್ಣಿನ ಕೈಗಳನ್ನು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡಳು.

“ಹೊಳಿಯಪ್ಪಾ,” ಎಂದ ಕಳಕಪ್ಪ, “ಕುದುರಿ ನನ್ನ ಮ್ಯಾಲೇ ಬಂದಂಗ ಆತಲ್ಲೋ!” ನಿಜವಾಗಿಯೂ ಒಂದು ಹೆಜ್ಜೆ ಪಕ್ಕಕ್ಕೆ ಸರಿದು, ನಗುತ್ತ ಸೈಕಲ್ ಹತ್ತಿ ಹೋದ.

ಅಪ್ಪ ಅವಳ ತಲೆಯ ಮೇಲೆ ಕೈ ಇಟ್ಟ. ಕೈಯಲ್ಲಿ ಅಂಟು ಇತ್ತು, ಕೂದಲು ಅದಕ್ಕೆ ಹಿಡಿದುಕೊಂಡಿತು.

ಎಡಗಡೆಯ ಮೂಲೆಯಲ್ಲಿ, ಆ ಮೂರು ಸಣ್ಣ ಕುದುರೆಗಳ ಧೂಳಿನ ಕೆಳಗೆ, ಇರುವೆ ಸಾಲಿನಂತೆ ಯಾರದೋ ಸಣ್ಣ ಸಹಿ ಇತ್ತು. ಕನಕಿಗೆ ಓದಲು ಬರಲಿಲ್ಲ. ಎಲ್ಲೋ ಒಬ್ಬರು ಕೂತು ಇದನ್ನೆಲ್ಲ ಕೈಯಿಂದ ಬರೆದಿದ್ದರು. ಅವರೂ ಕುದುರೆಯ ಕಾಲು ಬರೆದು, ಅಳಿಸಿ, ಮತ್ತೆ ಬರೆದು, ಕಡೆಗೆ ದಾರಿಯ ಧೂಳನ್ನು ನೋಡುತ್ತ ಕೂತಿದ್ದರೇನೋ.

ಅವರು ಆ ಹಾಳೆಯಲ್ಲಿ ಏನು ಬರೆದಿದ್ದರು? ಅದು ಆಡಿಗಷ್ಟೇ ಗೊತ್ತು.

ಕನಕಿ ನಾಲ್ಕು ಹೆಜ್ಜೆ ಹಿಂದೆ ಸರಿದು ಮತ್ತೆ ನೋಡುತ್ತ ನಿಂತಳು. ಈ ಸಲ ಆಡಿನ ಹಗ್ಗ ಅವಳ ಕೈಯಲ್ಲಿತ್ತು.